ಸ್ವಂತವಾಗಿ ಮನೆ ಹೆರಿಗೆ ಸೇವೆ ಶುರು ಮಾಡುವವರಿಗೆ: ಮೊದಲು ಆಸ್ಪತ್ರೆಯ ದಾರಿ, ಆಮೇಲೆ ಮನೆಯ ಬಾಗಿಲು

ಹೆರಿಗೆ ವಾರ್ಡಿನಲ್ಲಿ ಕೆಲವು ವರ್ಷ ದುಡಿದ ಮಿಡ್‌ವೈಫ್‌ಗಳಲ್ಲಿ, ಅಂದರೆ ಹೆರಿಗೆ ಮಾಡಿಸುವ ತರಬೇತಿ ಪಡೆದವರಲ್ಲಿ, ಹಲವರಿಗೆ ಒಂದಲ್ಲ ಒಂದು ದಿನ ಈ ಯೋಚನೆ ಬರುತ್ತದೆ. ಸ್ವಂತವಾಗಿ ಶುರು ಮಾಡಿದರೆ ಹೇಗೆ? ಒಬ್ಬ ಬಸುರಿಯನ್ನು ಮೊದಲಿನಿಂದ ಕೊನೆಯವರೆಗೂ ನಾವೇ ನೋಡಿಕೊಳ್ಳಬಹುದು. ಶಿಫ್ಟ್ ಮುಗಿಯಿತು ಅಂತ ಹೆರಿಗೆ ನೋವಿನ ನಡುವೆ ಅವಳನ್ನು ಬಿಟ್ಟು ಬರಬೇಕಿಲ್ಲ. ಆಸೆ ಸರಿಯಾದದ್ದೇ. ಆದರೆ ಶುರು ಮಾಡುವವರ ತಲೆಯಲ್ಲಿ ಮೊದಲು ಓಡುವುದು ಸೇವೆಗೆ ಏನು ಹೆಸರಿಡಬೇಕು, ಯಾವ ಬ್ಯಾಗ್ ಕೊಳ್ಳಬೇಕು, ನೀರಿನ ತೊಟ್ಟಿ ಬೇಕಾ ಬೇಡವಾ ಅನ್ನುವುದು. ಹೆಚ್ಚುಕಮ್ಮಿ ಆದರೆ ಯಾವ ಬಾಗಿಲು ತಟ್ಟಬೇಕು ಅನ್ನುವ ಯೋಚನೆ ಕೊನೆಗೆ. ಇಲ್ಲಿ ಆ ಸಾಲನ್ನು ತಿರುಗಿಸಿ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಹೆರಿಗೆ ಮಾಡಿಸುವುದನ್ನು ಕಲಿಸುವ ಲೇಖನ ಅಲ್ಲ. ತರಬೇತಿ ಪಡೆದು, ನೋಂದಣಿ ಮಾಡಿಸಿಕೊಂಡು, ಈಗಾಗಲೇ ಹೆರಿಗೆ ಮಾಡಿಸುತ್ತಿರುವವರು ಸ್ವಂತ ಕಾಲ ಮೇಲೆ ನಿಲ್ಲುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ.

1. ನಿಮಗೆ ಈ ಹಕ್ಕು ಇದೆಯಾ, ನೋಡಿಕೊಳ್ಳಿ

ಅಂತಾರಾಷ್ಟ್ರೀಯ ಮಿಡ್‌ವೈಫ್‌ಗಳ ಒಕ್ಕೂಟದ ಪ್ರಕಾರ ನೇರವಾಗಿ ಮಿಡ್‌ವೈಫರಿ ಓದುವವರಿಗೆ ಕನಿಷ್ಠ 3 ವರ್ಷದ ಶಿಕ್ಷಣ ಬೇಕು. ನರ್ಸಿಂಗ್ ಮುಗಿಸಿ ಬರುವವರಿಗೆ ಕನಿಷ್ಠ 18 ತಿಂಗಳು. ಇದು ಅಂತಾರಾಷ್ಟ್ರೀಯ ಮಾನದಂಡ. ನೀವಿರುವ ಕಡೆಯ ಕಾನೂನು ಬೇರೆಯೇ ಇರಬಹುದು. ಕೆಲವು ದೇಶಗಳಲ್ಲಿ ಮಿಡ್‌ವೈಫ್ ಯಾರ ಮೇಲ್ವಿಚಾರಣೆಯೂ ಇಲ್ಲದೆ ಮನೆ ಹೆರಿಗೆ ಮಾಡಿಸಬಹುದು. ಕೆಲವು ಕಡೆ ವೈದ್ಯರ ಜೊತೆ ಲಿಖಿತ ಒಪ್ಪಂದ ಬೇಕು. ಇನ್ನು ಕೆಲವು ಕಡೆ ಅವಕಾಶವೇ ಇಲ್ಲ.

ನೋಂದಣಿ ಕೊಡುವ ಮಂಡಳಿಯನ್ನು ಬಾಯಿ ಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ. ಪತ್ರ ಬರೆದು ಮೂರು ವಿಷಯಕ್ಕೆ ಬರಹದಲ್ಲೇ ಉತ್ತರ ತರಿಸಿಕೊಳ್ಳಿ: ಆಸ್ಪತ್ರೆಯ ಹೊರಗೆ ಹೆರಿಗೆ ಮಾಡಿಸಲು ನನ್ನ ನೋಂದಣಿ ಸಾಕಾ? ಯಾವ ಯಾವ ಔಷಧಿ ನಾನೇ ಇಟ್ಟುಕೊಂಡು ನಾನೇ ಕೊಡಬಹುದು? ಜನನ ನೋಂದಣಿಗೆ ನನ್ನ ಸಹಿ ನಡೆಯುತ್ತದಾ? ಎರಡನೆಯದನ್ನು ಜಾಸ್ತಿ ಒತ್ತಿ ಕೇಳಿ. ಹೆರಿಗೆಯ ನಂತರದ ರಕ್ತಸ್ರಾವ ತಗ್ಗಿಸುವ ಆಕ್ಸಿಟೋಸಿನ್ ಔಷಧಿ ಕೈಯಲ್ಲಿಲ್ಲದೆ ಮನೆ ಹೆರಿಗೆಗೆ ಹೋಗುವುದು ಸರಿಯಲ್ಲ. ಅದನ್ನು ಕಾನೂನಿನ ಪ್ರಕಾರ ಇಟ್ಟುಕೊಳ್ಳಲಾಗದಿದ್ದರೆ ಈ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ವಿಮೆ ಸಿಗುತ್ತದಾ ಅನ್ನುವುದನ್ನೂ ಈಗಲೇ ನೋಡಿ. ಎಷ್ಟೋ ಕಡೆ ಸ್ವತಂತ್ರ ಮಿಡ್‌ವೈಫ್‌ಗಳಿಗೆ ಬಸುರಿನ ತಪಾಸಣೆಗೂ ಬಾಣಂತನದ ಭೇಟಿಗೂ ವಿಮೆ ಸಿಗುತ್ತದೆ, ಹೆರಿಗೆಯ ಹೊತ್ತಿಗೆ ಮಾತ್ರ ಸಿಗುವುದಿಲ್ಲ. ಹಾಗಿದ್ದರೆ ಅದನ್ನು ಮನೆಯವರಿಗೆ ಮೊದಲ ಭೇಟಿಯಲ್ಲೇ ಹೇಳಬೇಕು. ಮುಚ್ಚಿಡುವ ವಿಷಯ ಅದಲ್ಲ.

2. ಅಂಕಿಗಳನ್ನು ಕಣ್ಣು ಬಿಟ್ಟು ನೋಡಿ

ಮನೆ ಹೆರಿಗೆ ಸುರಕ್ಷಿತವಾ ಅಂತ ಕೇಳದ ಮನೆಯೇ ಇರುವುದಿಲ್ಲ. "ಹೌದು" ಅನ್ನುವುದೂ ಸುಳ್ಳು, "ಇಲ್ಲ" ಅನ್ನುವುದೂ ಸುಳ್ಳು. ಇಂಗ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿದ್ದವರು ಅಪಾಯ ಕಡಿಮೆ ಇದ್ದ ಸುಮಾರು 64,500 ಹೆಂಗಸರು. ಮೊದಲೇ ಹೆತ್ತಿದ್ದವರಿಗೆ ಮನೆಯಲ್ಲಿ ಹೆತ್ತರೂ ಆಸ್ಪತ್ರೆಯಲ್ಲಿ ಹೆತ್ತರೂ ಮಗುವಿನ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲಿನವರಲ್ಲಿ ಕಂಡಿತು. ಮಗುವಿಗೆ ಗಂಭೀರ ತೊಂದರೆ ಆಗಿದ್ದು ಆಸ್ಪತ್ರೆಯಲ್ಲೇ ಅಂತ ಹೊರಟವರಲ್ಲಿ ಸಾವಿರಕ್ಕೆ 5.3, ಮನೆಯಲ್ಲೇ ಅಂತ ಹೊರಟವರಲ್ಲಿ ಸಾವಿರಕ್ಕೆ 9.3. ಎರಡೂ ಸಣ್ಣ ಸಂಖ್ಯೆಗಳೇ, ಆದರೆ ಒಂದೇ ಅಲ್ಲ.

ಸೇವೆ ಶುರು ಮಾಡುವವರಿಗೆ ಅದೇ ಅಧ್ಯಯನದ ಇನ್ನೊಂದು ಅಂಕಿ ಇದಕ್ಕಿಂತ ಮುಖ್ಯ. ಮನೆಯಲ್ಲೇ ಅಂತ ಹೊರಟ ಚೊಚ್ಚಲಿನವರಲ್ಲಿ ನೂರಕ್ಕೆ 45 ಮಂದಿಯನ್ನು ಹೆರಿಗೆಗೆ ಮುಂಚೆಯೋ ಆದ ಕೂಡಲೇಯೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಮೊದಲೇ ಹೆತ್ತವರಲ್ಲಿ ಅದು ನೂರಕ್ಕೆ 12. ಇವುಗಳಲ್ಲಿ ಹೆಚ್ಚಿನವು ಓಡಿ ಹೋಗಬೇಕಾದ ತುರ್ತೇನಲ್ಲ. ನೋವು ಮುಂದುವರಿಯುತ್ತಿಲ್ಲ, ತಾಯಿ ಸೋತಿದ್ದಾಳೆ, ನೋವು ಕಮ್ಮಿ ಮಾಡಲು ಏನಾದರೂ ಬೇಕು ಅನ್ನುವ ಥರದ್ದು. ಆದರೂ ಲೆಕ್ಕ ಲೆಕ್ಕವೇ. ನಿಮ್ಮ ಬಳಿ ಬರುವ ಚೊಚ್ಚಲಿನವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಆಸ್ಪತ್ರೆಗೆ ಹೋಗುತ್ತಾರೆ ಅಂತಲೇ ಸೇವೆಯನ್ನು ಕಟ್ಟಬೇಕು. ಸಾಗಿಸುವುದು ಸೋಲಲ್ಲ, ಅದೂ ನಿಮ್ಮ ಕೆಲಸದ ಭಾಗ.

3. ಮೊದಲ ತಿಂಗಳೆಲ್ಲ ಆಸ್ಪತ್ರೆಗೇ ಕೊಡಿ

ಹತ್ತಿರದ ಹೆರಿಗೆ ಆಸ್ಪತ್ರೆ ಅಂದರೆ ಬೋರ್ಡ್ ಇರುವ ಕಟ್ಟಡ ಅಲ್ಲ. ರಾತ್ರಿ ಎರಡು ಗಂಟೆಗೂ ಸಿಸೇರಿಯನ್ ಮಾಡಬಲ್ಲ ವೈದ್ಯರು, ಅರಿವಳಿಕೆ ಕೊಡುವವರು, ರಕ್ತ, ಎಳೆಕೂಸನ್ನು ನೋಡಿಕೊಳ್ಳುವ ಘಟಕ ಇಷ್ಟೂ ಒಂದೇ ಸೂರಿನಡಿ ಇರುವ ಜಾಗ. ಅಂಥದ್ದು ನೀವು ಕೆಲಸ ಮಾಡುವ ಸುತ್ತಿನಲ್ಲಿ ಎಷ್ಟಿವೆ, ಪಟ್ಟಿ ಮಾಡಿ. ಒಂದೇ ಇದ್ದರೂ ಪರವಾಗಿಲ್ಲ. ಒಂದೂ ಇಲ್ಲದಿದ್ದರೆ ಅಲ್ಲಿ ಸೇವೆ ಶುರು ಮಾಡಬೇಡಿ.

ಆಮೇಲೆ ಅಲ್ಲಿನ ಹೆರಿಗೆ ವಿಭಾಗದ ಮುಖ್ಯಸ್ಥರನ್ನು ಸಮಯ ಕೇಳಿ ಭೇಟಿಯಾಗಿ. ಎಷ್ಟೋ ಜನ ಇದನ್ನು ಮಾಡುವುದಿಲ್ಲ, ಅವರು ಬೈಯ್ತಾರೆ ಅನ್ನುವ ಭಯ. ಬೈಯಬಹುದು ಕೂಡ. ಮನೆ ಹೆರಿಗೆಯ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯ ಇರದಿರಲು ಕಾರಣ ಇದೆ. ಅವರ ಕಣ್ಣಿಗೆ ಬೀಳುವುದು ಕೆಟ್ಟು ಬಂದ ಹೆರಿಗೆಗಳು ಮಾತ್ರ. ಸುಸೂತ್ರವಾಗಿ ಆದದ್ದು ಅವರ ಬಾಗಿಲಿಗೆ ಬರುವುದೇ ಇಲ್ಲ. ಹಾಗಾಗಿ ವಾದ ಮಾಡಲು ಹೋಗಬೇಡಿ. ನಿಮ್ಮ ನಿಯಮಗಳ ಪಟ್ಟಿಯನ್ನು ಮುಂದಿಡಿ. ಯಾರನ್ನು ತೆಗೆದುಕೊಳ್ಳುತ್ತೇನೆ, ಯಾರನ್ನು ಇಲ್ಲ, ಯಾವ ಹಂತಕ್ಕೆ ಕಳಿಸುತ್ತೇನೆ, ನನ್ನ ಬ್ಯಾಗಿನಲ್ಲಿ ಏನಿರುತ್ತದೆ. "ನಾನು ಕಳಿಸುವಾಗ ನಿಮಗೆ ಏನೇನು ಮಾಹಿತಿ ಬೇಕು, ಯಾವ ನಂಬರಿಗೆ ಫೋನ್ ಮಾಡಲಿ?" ಅಂತ ಕೇಳಿ. ಈ ಒಂದು ಪ್ರಶ್ನೆಗೆ ಮುಖ ಸಿಂಡರಿಸಿಕೊಂಡು ಕೂತವರೂ ಮಾತಿಗೆ ಇಳಿಯುತ್ತಾರೆ.

ಅಲ್ಲಿಂದ ಹೊರಡುವ ಮುಂಚೆ ಹೆರಿಗೆ ವಾರ್ಡಿನ ನೇರ ಫೋನ್ ನಂಬರ್ ನಿಮ್ಮ ಕೈಯಲ್ಲಿರಬೇಕು, ಸ್ವಾಗತ ಮೇಜಿನದ್ದಲ್ಲ. ರಾತ್ರಿ ಯಾವ ಗೇಟು ತೆರೆದಿರುತ್ತದೆ, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ವಾರ್ಡಿಗೆ ಲಿಫ್ಟ್ ಯಾವುದು, ಎಲ್ಲ ನಡೆದು ನೋಡಿ. ಬಸುರಿಯರ ಹೆಸರನ್ನು ಮುಂಚಿತವಾಗಿ ಅಲ್ಲಿ ದಾಖಲಿಸಿಡಲು ಒಪ್ಪಿದರೆ ಇನ್ನೂ ಒಳ್ಳೆಯದು. ಫೈಲ್ ಮೊದಲೇ ಇದ್ದರೆ ಬಾಗಿಲಲ್ಲಿ ಹತ್ತು ನಿಮಿಷ ಉಳಿಯುತ್ತದೆ.

4. ಒಬ್ಬರೇ ಹೋಗುವಂತಿಲ್ಲ

ಸ್ವತಂತ್ರ ಅಂದರೆ ಒಂಟಿ ಅಂತಲ್ಲ. ಹೆರಿಗೆ ಆದ ಗಳಿಗೆಯಲ್ಲಿ ನೋಡಿಕೊಳ್ಳಬೇಕಾದ ಜೀವ ಎರಡು. ಮಗು ಉಸಿರಾಡುತ್ತಿಲ್ಲ, ಅದೇ ಹೊತ್ತಿಗೆ ತಾಯಿಗೆ ರಕ್ತ ಸುರಿಯುತ್ತಿದೆ ಅಂದರೆ ಎರಡು ಕೈ ಸಾಲುವುದಿಲ್ಲ. ಪ್ರತಿ ಹೆರಿಗೆಗೂ ತರಬೇತಿ ಇರುವ ಇಬ್ಬರು ಬೇಕೇ ಬೇಕು. ಎರಡನೆಯವರೂ ಎಳೆಕೂಸಿಗೆ ಉಸಿರು ಕೊಡುವುದನ್ನು ಕಲಿತವರಾಗಿರಬೇಕು. ಬಿಸಿನೀರು ತಂದುಕೊಡುವ ಅತ್ತೆಯವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಇನ್ನೊಬ್ಬ ಮಿಡ್‌ವೈಫ್ ಜೊತೆ ಸೇರಿ ಶುರು ಮಾಡುವುದೇ ಸರಿ ಅಂತ ನನ್ನ ಅಭಿಪ್ರಾಯ. ಇಬ್ಬರಿಗೂ ಬಸುರಿಯರು ಪರಿಚಯ ಇರುತ್ತಾರೆ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರಿರುತ್ತಾರೆ. ದುಡ್ಡು ಹೇಗೆ ಹಂಚಿಕೊಳ್ಳುವುದು, ರಾತ್ರಿ ಯಾರ ಫೋನ್ ಆನ್ ಇರಬೇಕು, ಅಭಿಪ್ರಾಯ ಬೇರೆ ಬಂದರೆ ಯಾರ ಮಾತು ನಡೆಯಬೇಕು, ಇದನ್ನೆಲ್ಲ ಸ್ನೇಹ ಚೆನ್ನಾಗಿರುವಾಗಲೇ ಬರೆದಿಡಿ. ಕೊನೆಯದಕ್ಕೆ ಸುಲಭದ ನಿಯಮ ಒಂದಿದೆ. ಇಬ್ಬರಲ್ಲಿ ಯಾರಾದರೂ ಒಬ್ಬರು "ಕಳಿಸೋಣ" ಅಂದರೆ ಕಳಿಸುವುದೇ. ಚರ್ಚೆ ಆಮೇಲೆ.

ಎಳೆಕೂಸಿಗೆ ಉಸಿರು ಕೊಡುವುದು, ಭುಜ ಸಿಕ್ಕಿಕೊಂಡಾಗ ಬಿಡಿಸುವುದು, ರಕ್ತಸ್ರಾವ ನಿಲ್ಲಿಸುವುದು, ಈ ಮೂರನ್ನೂ ಇಬ್ಬರೂ ಸೇರಿ ಆಗಾಗ ಗೊಂಬೆ ಇಟ್ಟುಕೊಂಡು ಮಾಡಿ ನೋಡಬೇಕು. ಅದೂ ನೆಲದ ಮೇಲೆ, ಮಂದ ಬೆಳಕಿನಲ್ಲಿ, ನೀವು ನಿಜವಾಗಿ ಒಯ್ಯುವ ಬ್ಯಾಗಿನಿಂದಲೇ ಸಾಮಾನು ತೆಗೆದು. ಮೇಜಿನ ಮೇಲೆ ಎಲ್ಲ ಜೋಡಿಸಿಟ್ಟುಕೊಂಡು ಮಾಡುವ ಅಭ್ಯಾಸದಿಂದ ಪ್ರಯೋಜನ ಕಮ್ಮಿ.

5. ಯಾರಿಗೆ ಇಲ್ಲ ಅನ್ನಬೇಕು

ಇಡೀ ಸೇವೆ ನಿಂತಿರುವುದು ಈ ಹಂತದ ಮೇಲೆ. ಒಳ್ಳೆಯ ಫಲಿತಾಂಶದಲ್ಲಿ ನಿಮ್ಮ ಕೈಚಳಕದ ಪಾಲಿಗಿಂತ ನೀವು ಯಾರನ್ನು ಒಪ್ಪಿಕೊಂಡಿರಿ ಅನ್ನುವುದರ ಪಾಲು ದೊಡ್ಡದು.

ಅವಳಿ ಮಕ್ಕಳು, ತಲೆ ಕೆಳಗಾಗದ ಅಥವಾ ಅಡ್ಡ ಮಲಗಿರುವ ಮಗು, ಗರ್ಭಕೋಶದ ಬಾಯಿಗೆ ಅಡ್ಡಲಾಗಿ ಕೂತಿರುವ ಮಾಸು, 140/90ಕ್ಕೆ ಮುಟ್ಟಿದ ಅಥವಾ ಮೀರಿದ ಬಿಪಿ, ಇನ್ಸುಲಿನ್ ಬೇಕಾಗುವ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ಜೋರು ರಕ್ತಹೀನತೆ, ಬೆಳವಣಿಗೆ ಕುಂಠಿತವಾದ ಮಗು, 37 ವಾರ ತುಂಬುವ ಮೊದಲೇ ಶುರುವಾದ ನೋವು, ಹಿಂದಿನ ಹೆರಿಗೆಯಲ್ಲಿ ಜೋರು ರಕ್ತಸ್ರಾವ. ಇವೆಲ್ಲ ಆಸ್ಪತ್ರೆಗೆ ಸೇರಿದವು. ಹಿಂದೆ ಸಿಸೇರಿಯನ್ ಆದವರ ವಿಷಯದಲ್ಲಿ ಕೆಲವು ಕಡೆಯ ಮಿಡ್‌ವೈಫ್‌ಗಳು ಒಪ್ಪಿಕೊಳ್ಳುತ್ತಾರೆ. ಹೊಸದಾಗಿ ಶುರು ಮಾಡುವವರು ಒಪ್ಪಿಕೊಳ್ಳಬಾರದು. ಗರ್ಭಕೋಶದ ಹಳೆಯ ಹೊಲಿಗೆ ಬಿಚ್ಚಿಕೊಳ್ಳುವುದು ಅಪರೂಪವೇ, ಆದರೆ ಬಿಚ್ಚಿಕೊಂಡರೆ ನಿಮ್ಮ ಕೈಯಲ್ಲಿರುವುದು ಕೆಲವೇ ನಿಮಿಷ.

ಪಟ್ಟಿ ಬರೆಯುವುದು ಸುಲಭ. ಪರಿಚಯದವರು ಬಂದು ಕೂತು "ನೀವಿದ್ದೀರಲ್ಲಮ್ಮ, ಏನೂ ಆಗಲ್ಲ, ನಿಮ್ಮ ಮೇಲೇ ನಂಬಿಕೆ" ಅಂದಾಗ ಪಟ್ಟಿಗೆ ಅಂಟಿಕೊಳ್ಳುವುದು ಕಷ್ಟ. ದಾಕ್ಷಿಣ್ಯಕ್ಕೆ ಬಸಿರಾಗುವುದು ಅಂತ ಮಾತಿದೆಯಲ್ಲ, ದಾಕ್ಷಿಣ್ಯಕ್ಕೆ ಹೆರಿಗೆ ಒಪ್ಪಿಕೊಳ್ಳುವುದು ಅದಕ್ಕಿಂತ ದುಬಾರಿ. ಅದಕ್ಕೇ ಪಟ್ಟಿ ಅಚ್ಚು ಹಾಕಿಸಿ ಮೊದಲ ಭೇಟಿಯಲ್ಲೇ ಕೊಟ್ಟುಬಿಡಿ. ಆಮೇಲೆ ಇಲ್ಲ ಅನ್ನುವುದು ನೀವಲ್ಲ, ಆ ಹಾಳೆ.

ಇಲ್ಲ ಅಂದ ಮೇಲೆ ಕೈಬಿಡಬೇಡಿ. ಯಾವ ಆಸ್ಪತ್ರೆ, ಯಾವ ವೈದ್ಯರು ಅಂತ ದಾರಿ ತೋರಿಸಿ. ಒಪ್ಪಿದರೆ ಬಾಣಂತನದ ಭೇಟಿಗೆ ನಾನೇ ಬರುತ್ತೇನೆ ಅನ್ನಿ. ಇಲ್ಲದಿದ್ದರೆ ಆ ತಾಯಿ ತರಬೇತಿ ಇಲ್ಲದ ಇನ್ಯಾರನ್ನೋ ಹುಡುಕಿಕೊಂಡು ಹೋಗುವುದೂ ಉಂಟು.

6. ಬ್ಯಾಗು

ಸಾಮಾನಿನ ಪಟ್ಟಿ ತರಬೇತಿಯಲ್ಲೇ ಸಿಕ್ಕಿರುತ್ತದೆ. ಬಿಪಿ ನೋಡುವ ಯಂತ್ರ, ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರ, ಅದು ಕೈಕೊಟ್ಟರೆ ಅಂತ ಕಿವಿಗೊಟ್ಟು ಕೇಳುವ ಪಿನಾರ್ಡ್ ಕೊಳವೆ, ಕ್ರಿಮಿರಹಿತ ಕತ್ತರಿ ಮತ್ತು ಕ್ಲಿಪ್ಪು, ಗ್ಲೌಸ್, ಹೊಲಿಗೆ ಸಾಮಾನು, ಕ್ಯಾತಿಟರ್, ಡ್ರಿಪ್ಪಿನ ಸಾಮಾನು, ಮಗುವಿನ ತಕ್ಕಡಿ, ತಲೆಗೆ ಕಟ್ಟುವ ಟಾರ್ಚು. ಇದರಲ್ಲಿ ಮೂರರ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳುತ್ತೇನೆ.

ಮೊದಲನೆಯದು ಮಗುವಿಗೆ ಉಸಿರು ಕೊಡುವ ಆಂಬು ಬ್ಯಾಗ್. ಉಸಿರಾಡದ ಮಗುವಿಗೆ ಹುಟ್ಟಿದ ಒಂದು ನಿಮಿಷದೊಳಗೆ ಗಾಳಿ ಕೊಡಲು ಶುರು ಮಾಡಬೇಕು. ಹಾಗಾಗಿ ಇದು ಬ್ಯಾಗಿನ ತಳದಲ್ಲಿರಬಾರದು. ಮನೆಗೆ ಹೋದ ಕೂಡಲೇ ಒಂದು ಗಟ್ಟಿ ಸಮತಟ್ಟು ಜಾಗ ಹುಡುಕಿ, ಬೆಚ್ಚಗಿನ ಟವೆಲ್ ಹಾಸಿ, ಪಕ್ಕದಲ್ಲಿ ಇದನ್ನಿಡಿ. ಮಾಸ್ಕನ್ನು ಅಂಗೈಗೆ ಒತ್ತಿ ಹಿಡಿದು ಬ್ಯಾಗನ್ನು ಒಮ್ಮೆ ಹಿಂಡಿ. ಕೈಗೆ ಒತ್ತಡ ತಾಗಿ ಕವಾಟ ಸದ್ದು ಮಾಡಿದರೆ ಸರಿ. ಸುಮ್ನೆ ಪುಸ್ಸೆಂದು ಗಾಳಿ ಹೋದರೆ ಎಲ್ಲೋ ಸೋರುತ್ತಿದೆ. ಸೊನ್ನೆ ಸೈಜಿನ ಮಾಸ್ಕೂ ಇರಲಿ, ಒಂದನೇ ಸೈಜಿನದೂ ಇರಲಿ.

ಎರಡನೆಯದು ಆಕ್ಸಿಟೋಸಿನ್. ಮಗು ಹುಟ್ಟಿದ ಮೇಲೆ 10 ಯೂನಿಟ್ ಸ್ನಾಯುವಿಗೆ ಕೊಟ್ಟರೆ ರಕ್ತಸ್ರಾವ ಗಣನೀಯವಾಗಿ ತಗ್ಗುತ್ತದೆ. ಆದರೆ ಈ ಔಷಧಿಗೆ ಬಿಸಿ ಆಗಿಬರುವುದಿಲ್ಲ. 2ರಿಂದ 8 ಡಿಗ್ರಿಯಲ್ಲಿಡಬೇಕು. ಕಾರಿನ ಡಿಕ್ಕಿಯಲ್ಲಿ ವಾರಗಟ್ಟಲೆ ಬಿದ್ದಿರುವ ಆಂಪೂಲ್ (ಔಷಧಿಯ ಸಣ್ಣ ಗಾಜಿನ ಸೀಸೆ) ನೋಡಲು ಹೊಸದರಂತೆಯೇ ಇರುತ್ತದೆ, ಕೆಲಸ ಮಾತ್ರ ಅರೆಬರೆ. ಮನೆಯ ಫ್ರಿಜ್ಜಿನಲ್ಲಿ ಥರ್ಮಾಮೀಟರ್ ಇರುವ ಪ್ರತ್ಯೇಕ ಡಬ್ಬಿಯಲ್ಲಿಡಿ. ಹೆರಿಗೆಗೆ ಹೊರಡುವಾಗ ತಂಪಿನ ಚೀಲಕ್ಕೆ ಹಾಕಿಕೊಳ್ಳಿ. ಐಸ್ ಪ್ಯಾಕಿಗೆ ನೇರವಾಗಿ ತಾಗಿ ಹೆಪ್ಪುಗಟ್ಟದಂತೆ ಬಟ್ಟೆ ಸುತ್ತಿ. ಇದೇ ಕೆಲಸ ಮಾಡುವ, ಬಿಸಿಗೆ ಕೆಡದ ಕಾರ್ಬೆಟೋಸಿನ್ ಸಿಗುವ ಕಡೆ ಅದೂ ಒಂದು ದಾರಿ. ಫ್ರಿಜ್ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆ ಹೇಗೂ ಜೊತೆಗಿರಲಿ. ರಕ್ತಸ್ರಾವ ನಿಲ್ಲಿಸಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್ ಕೂಡ ಇರಲಿ. ಅದನ್ನು ಹೆರಿಗೆ ಆದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಉಪಯೋಗ.

ಮೂರನೆಯದು ಬಹಳ ಜನ ಒಯ್ಯದ ವಸ್ತು, ಅಡುಗೆಮನೆಯ ಡಿಜಿಟಲ್ ತಕ್ಕಡಿ. ರಕ್ತ ಎಷ್ಟು ಹೋಯಿತು ಅಂತ ಕಣ್ಣಳತೆಯಲ್ಲಿ ಹೇಳುವವರು ಹೆಚ್ಚಾಗಿ ಕಮ್ಮಿಯೇ ಹೇಳುತ್ತಾರೆ, ಎಷ್ಟೇ ಅನುಭವ ಇರಲಿ. ಒಣ ಪ್ಯಾಡಿನ ತೂಕವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಒದ್ದೆ ಪ್ಯಾಡನ್ನು ತೂಗಿ, ಒಣ ತೂಕ ಕಳೆಯಿರಿ. ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಮಿಲಿ. ಒಣ ಪ್ಯಾಡ್ 40 ಗ್ರಾಂ, ಒದ್ದೆಯದು 310 ಗ್ರಾಂ ಆದರೆ ಆ ಒಂದರಲ್ಲೇ 270 ಮಿಲಿ ಇದೆ. ಅಂಥದ್ದು ಎರಡಾದರೆ 500 ದಾಟಿತು, ಅದು ಹೆರಿಗೆಯ ನಂತರದ ರಕ್ತಸ್ರಾವ ಅಂತ ಕರೆಯುವ ಮಟ್ಟ. 500 ಆಗಲಿ ಅಂತ ಕಾಯಬೇಡಿ. ಅದಕ್ಕೂ ಮುಂಚೆ ನಾಡಿ ಏರುತ್ತಿದ್ದರೆ ಆಗಲೇ ಕೈ ಹಾಕಿ.

ಔಷಧಿಗಳ ಅವಧಿ ದಿನಾಂಕವನ್ನು ಬ್ಯಾಗಿನ ಮುಚ್ಚಳದ ಒಳಗೆ ಅಂಟಿಸಿ. ತಿಂಗಳ ಮೊದಲ ದಿನ ನೋಡುವ ಅಭ್ಯಾಸ ಮಾಡಿಕೊಂಡರೆ ಸಾಕು.

7. ಎಷ್ಟು ಜನ, ಎಷ್ಟು ದುಡ್ಡು

ಹೆರಿಗೆ ದಿನಾಂಕ ಕೊಟ್ಟ ದಿನವೇ ಹುಟ್ಟುವ ಮಕ್ಕಳು ಕಮ್ಮಿ. 37 ವಾರ ತುಂಬಿದ್ದರಿಂದ ಹಿಡಿದು 42 ವಾರದವರೆಗೆ ಯಾವತ್ತು ಬೇಕಾದರೂ ಫೋನ್ ಬರಬಹುದು. ಅಂದರೆ ಒಬ್ಬ ಬಸುರಿಗಾಗಿ ಐದು ವಾರ ನೀವು ಕಟ್ಟಿಹಾಕಿಕೊಂಡಂತೆ. ತಿಂಗಳಿಗೆ ನಾಲ್ವರನ್ನು ಒಪ್ಪಿಕೊಂಡರೆ ಯಾವಾಗ ನೋಡಿದರೂ ಮೂರ್ನಾಲ್ಕು ಮಂದಿ ಆ ಕಾಯುವ ಪಟ್ಟಿಯಲ್ಲಿರುತ್ತಾರೆ. ಇಬ್ಬರಿಗೆ ಒಂದೇ ರಾತ್ರಿ ನೋವು ಬರುವ ಸಾಧ್ಯತೆ ಸುಳ್ಳಲ್ಲ. ಮೊದಲ ವರ್ಷ ತಿಂಗಳಿಗೆ ಇಬ್ಬರಿಗಿಂತ ಜಾಸ್ತಿ ಬೇಡ.

ಹಾಗಂದ ಮೇಲೆ ಹೊಟ್ಟೆಪಾಡು? ಶುಲ್ಕ ಹಾಕುವಾಗ ಹೆರಿಗೆಯ ರಾತ್ರಿಯನ್ನಷ್ಟೇ ಲೆಕ್ಕ ಹಾಕುವವರು ಬೇಗ ಸೋತು ಬಿಡುತ್ತಾರೆ. ತಪಾಸಣೆಯ ಭೇಟಿಗಳು, ಓಡಾಟ, ಎರಡನೆಯವರ ಸಂಬಳ, ಔಷಧಿ, ವಿಮೆ, ತರಬೇತಿ, ಬಾಣಂತನದ ಭೇಟಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಊರು ಬಿಟ್ಟು ಹೋಗಲಾಗದ ಆ ಐದು ವಾರ, ಎಲ್ಲವೂ ಶುಲ್ಕದೊಳಗೆ ಬರಬೇಕು. ಒಟ್ಟು ಮೊತ್ತವನ್ನು ಕಂತು ಮಾಡಿ, 36 ವಾರದೊಳಗೆ ಪೂರ್ತಿ ಸಂದಾಯ ಆಗುವಂತೆ ನೋಡಿಕೊಳ್ಳಿ. ಹೆತ್ತ ಮನೆಯಲ್ಲಿ ನಿಂತು ಬಾಕಿ ಕೇಳುವುದು ಇಬ್ಬರಿಗೂ ಮುಜುಗರ.

ಒಂದು ನಿಯಮ ಮಾತ್ರ ಕಲ್ಲಲ್ಲಿ ಕೊರೆದಂತಿರಲಿ. ಆಸ್ಪತ್ರೆಗೆ ಸಾಗಿಸಿದರೂ ನಿಮ್ಮ ಶುಲ್ಕ ಬದಲಾಗಬಾರದು. ಸಾಗಿಸಿದರೆ ದುಡ್ಡು ವಾಪಸ್ ಅನ್ನುವ ಒಪ್ಪಂದವಿದ್ದರೆ ನಡುರಾತ್ರಿ ನಿಮ್ಮ ತಲೆಯಲ್ಲಿ ಹಣದ ಲೆಕ್ಕ ಓಡುತ್ತದೆ. ಮನೆಯವರ ತಲೆಯಲ್ಲೂ ಓಡುತ್ತದೆ. ಆ ಲೆಕ್ಕಕ್ಕೆ ಜಾಗವೇ ಇರಬಾರದು.

8. ಮೊದಲ ಭೇಟಿ, 36ನೇ ವಾರದ ಭೇಟಿ

ಮೊದಲ ಭೇಟಿಗೆ ಕನಿಷ್ಠ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಆರೋಗ್ಯದ ಇತಿಹಾಸ, ರಕ್ತದ ಗುಂಪು, ಹಿಂದಿನ ಹೆರಿಗೆಗಳು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಇದ್ದು ಮಗುವಿನದು ಪಾಸಿಟಿವ್ ಆದರೆ, ಮುಂದಿನ ಬಸಿರಿಗೆ ತೊಂದರೆಯಾಗದಂತೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕು, ಅದು ಎಲ್ಲಿ ಸಿಗುತ್ತದೆ ಅಂತ ಆಗಲೇ ನಿಶ್ಚಯ ಮಾಡಿ. ಇದರ ನಡುವೆ ಒಂದು ಪ್ರಶ್ನೆ ಕೇಳಿ ಸುಮ್ಮನಾಗಿ: "ಮನೆಯಲ್ಲೇ ಯಾಕೆ ಬೇಕು ಅನಿಸುತ್ತಿದೆ?" ಅವಳೇ ಹೇಳಲಿ, ಗಂಡನೋ ತಾಯಿಯೋ ಅಲ್ಲ. ಹಿಂದಿನ ಸಲ ಆಸ್ಪತ್ರೆಯಲ್ಲಿ ಹೆದರಿದ್ದು ಹೊರಗೆ ಬರಬಹುದು. ದುಡ್ಡು ಉಳಿಸುವ ಯೋಚನೆ ಗಂಡನದ್ದಾಗಿರಬಹುದು. ಮನೆ ಹೆರಿಗೆ ಬೇಕಾಗಿರುವುದು ಬೇರೆಯವರಿಗೆ, ಅವಳಿಗಲ್ಲ ಅಂತ ಗೊತ್ತಾದರೆ ಅಲ್ಲಿಗೇ ನಿಲ್ಲಿಸಿ.

36ನೇ ವಾರದ ಭೇಟಿ ಅವಳ ಮನೆಯಲ್ಲೇ ಆಗಲಿ, ಸಾಧ್ಯವಾದರೆ ಕತ್ತಲಾದ ಮೇಲೆ. ರಸ್ತೆಯಿಂದ ಮನೆ ಹುಡುಕುವುದು ಸುಲಭವಾ? ಬಾಗಿಲ ನಂಬರ್ ಕಾಣುತ್ತದಾ? ಸ್ಟ್ರೆಚರ್ ಮೆಟ್ಟಿಲ ತಿರುವಿನಲ್ಲಿ ತಿರುಗುತ್ತದಾ? ಫೋನ್ ಸಿಗ್ನಲ್ ಮಲಗುವ ಕೋಣೆಯಲ್ಲಿ ಬರುತ್ತದಾ, ಜಗಲಿಗೆ ಬರಬೇಕಾ? ಕರೆಂಟ್ ಹೋದರೆ ಏನು? ಮಂಚ ಗೋಡೆಗೆ ಅಂಟಿಕೊಂಡಿದ್ದರೆ ಎರಡೂ ಕಡೆ ನಿಲ್ಲುವಂತೆ ಸರಿಸಲು ಹೇಳಿ. ಮನೆಯಿಂದ ಆಸ್ಪತ್ರೆಗೆ ಗಾಡಿಯಲ್ಲಿ ಒಮ್ಮೆ ಹೋಗಿ ನಿಮಿಷ ಬರೆದಿಟ್ಟುಕೊಳ್ಳಿ. ಇಷ್ಟು ನಿಮಿಷದೊಳಗೆ ಆಸ್ಪತ್ರೆ ಸೇರಬೇಕು ಅಂತ ನೀವು ಮೊದಲೇ ಹಾಕಿಕೊಂಡ ಮಿತಿ ದಾಟಿದರೆ, ಹೆರಿಗೆಗೆ ಆಸ್ಪತ್ರೆಯ ಹತ್ತಿರದ ನೆಂಟರ ಮನೆ ಇದೆಯಾ ಅಂತ ಕೇಳಬಹುದು. ಇದೇ ಭೇಟಿಯಲ್ಲಿ ಮನೆಯವರ ಎದುರು ಸಾಗಿಸುವ ಯೋಜನೆ ಓದಿ ಹೇಳಿ ಸಹಿ ಹಾಕಿಸಿಕೊಳ್ಳಿ. ಆಸ್ಪತ್ರೆಗೆ ಬೇಕಾದ ಚೀಲವನ್ನೂ ಕಟ್ಟಿಡಿಸಿ. "ಚೀಲ ಕಟ್ಟಿದರೆ ಅಪಶಕುನ" ಅಂದರೆ ನಗುತ್ತಲೇ ನೀವೇ ಕಟ್ಟಿಕೊಡಿ.

9. ಆ ದಿನ

ಹೆರಿಗೆ ಹೇಗೆ ಮಾಡಿಸಬೇಕು ಅಂತ ನಿಮಗೆ ಗೊತ್ತು. ಮನೆಯಲ್ಲಿ ಬದಲಾಗುವುದು ಗಡಿಯಾರ. ವಾರ್ಡಿನಲ್ಲಿ ಇನ್ನೂ ಅರ್ಧ ಗಂಟೆ ನೋಡೋಣ ಅನ್ನಬಹುದು, ಯಾಕೆಂದರೆ ಆಪರೇಷನ್ ಥಿಯೇಟರ್ ಪಕ್ಕದಲ್ಲೇ ಇದೆ. ಮನೆಯಲ್ಲಿ ಆ ಅರ್ಧ ಗಂಟೆಗೆ ದಾರಿಯ ನಿಮಿಷಗಳನ್ನೂ ಸೇರಿಸಿ ಯೋಚಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಂದ ಹೆರಿಗೆ ಆರೈಕೆ ಹಾಳೆ ಮನೆಗೂ ಚೆನ್ನಾಗಿ ಹೊಂದುತ್ತದೆ. ಅದು ನಿಜವಾದ ಬಿರುಸಿನ ಹಂತವನ್ನು ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದಲ್ಲಿಂದ ಲೆಕ್ಕ ಹಿಡಿಯುತ್ತದೆ. ಆ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ತಾಯಿ ಮುಕ್ಕಿ ಮಗುವನ್ನು ಹೊರಗೆ ತಳ್ಳುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳಬೇಕು. ನೋವು ಇಳಿದ ಕೂಡಲೇ, ಒಂದು ನಿಮಿಷ ಪೂರ್ತಿ. ತಾಯಿಯ ನಾಡಿಯನ್ನೂ ಜೊತೆಗೇ ಹಿಡಿಯಿರಿ, ಡಾಪ್ಲರಿನಲ್ಲಿ ಕೇಳುತ್ತಿರುವುದು ಅವಳದ್ದೇ ಬಡಿತ ಆಗಿರಬಾರದು. 110ರಿಂದ 160ರ ಒಳಗಿದ್ದರೆ ನೆಮ್ಮದಿ.

ಬಡಿತ ಈ ಮಿತಿ ಬಿಟ್ಟು ನಿಂತರೆ, ಗರ್ಭದ ನೀರು ಹಸಿರಾಗಿ ದಪ್ಪಗೆ ಬಂದರೆ, ಜ್ವರ ಏರಿದರೆ, ಬಿಪಿ ಏರಿದರೆ, ತಾಜಾ ರಕ್ತ ಬಂದರೆ, ನೋವಿದ್ದೂ ಹೆರಿಗೆ ಮುಂದೆ ಹೋಗದಿದ್ದರೆ, ಅಥವಾ ತಾಯಿಯೇ "ನನ್ನ ಕೈಲಾಗಲ್ಲ, ಕರಕೊಂಡು ಹೋಗಿ" ಅಂದರೆ, ಹೊರಡಿ. ಕೊನೆಯದಕ್ಕೆ ಕಾರಣ ಕೇಳುವ ಅಗತ್ಯವೂ ಇಲ್ಲ.

ಫೋನಿನಲ್ಲಿ ಹೇಗೆ ಮಾತಾಡಬೇಕು ಅಂತ ಮೊದಲೇ ಅಭ್ಯಾಸ ಮಾಡಿ. ಗಾಬರಿಯಲ್ಲಿ ಮಾತು ತಡವರಿಸುತ್ತದೆ. ಹೀಗಿದ್ದರೆ ಸಾಕು:

"ನಾನು ಮಿಡ್‌ವೈಫ್, ಮನೆ ಹೆರಿಗೆಯಿಂದ ತಾಯಿಯನ್ನು ಕರೆತರುತ್ತಿದ್ದೇನೆ. 29 ವರ್ಷ, ಎರಡನೇ ಹೆರಿಗೆ, 40 ವಾರ. ಹೆರಿಗೆ ಆಗಿ 20 ನಿಮಿಷ ಆಯಿತು, ಮಾಸು ಪೂರ್ತಿ ಬಂದಿದೆ. ರಕ್ತ 700 ಮಿಲಿ ಹೋಗಿದೆ, ಇನ್ನೂ ಹೋಗುತ್ತಿದೆ. ನಾಡಿ 118, ಬಿಪಿ 96/60. ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟಿದ್ದೇನೆ, ಡ್ರಿಪ್ ಹೋಗುತ್ತಿದೆ. ಮಗು ಚೆನ್ನಾಗಿದೆ, ಜೊತೆಗಿದೆ. 15 ನಿಮಿಷದಲ್ಲಿ ಬರುತ್ತೇವೆ. ರಕ್ತ ಮತ್ತು ಥಿಯೇಟರ್ ಸಿದ್ಧ ಇರಲಿ."

ಇದರಲ್ಲಿ ಕ್ಷಮೆಯೂ ಇಲ್ಲ, ಸಮಜಾಯಿಷಿಯೂ ಇಲ್ಲ. ಯಾರು, ಏನಾಗಿದೆ, ಏನು ಮಾಡಿದ್ದೇನೆ, ನಿಮ್ಮಿಂದ ಏನು ಬೇಕು, ಅಷ್ಟೇ. ನೀವೂ ಜೊತೆಗೆ ಹೋಗಿ. ಬರೆದ ಹಾಳೆಗಳ ಪ್ರತಿ ಕೊಡಿ. ಅಲ್ಲಿ ಯಾರಾದರೂ ಚುಚ್ಚು ಮಾತಾಡಿದರೂ ಆ ಹೊತ್ತಿಗೆ ಉತ್ತರ ಕೊಡಬೇಡಿ, ತಾಯಿಯ ಕೈ ಹಿಡಿದು ನಿಲ್ಲಿ.

10. ಬರೆದಿಡುವುದು

ಎದೆಬಡಿತ, ನಾಡಿ, ಬಿಪಿ, ಕೊಟ್ಟ ಔಷಧಿ, ಆಡಿದ ಮಾತು, ಎಲ್ಲಕ್ಕೂ ಗಂಟೆ ನಿಮಿಷ ಬೇಕು. ಎರಡನೆಯವರಿಗೆ ಇದೇ ಮುಖ್ಯ ಕೆಲಸ. ಹೆರಿಗೆಗೆ ಮುಂಚೆ ಇಬ್ಬರೂ ಒಂದೇ ಗಡಿಯಾರ ನೋಡುವುದು ಅಂತ ತೀರ್ಮಾನ ಮಾಡಿಕೊಳ್ಳಿ. ಗೋಡೆ ಗಡಿಯಾರಕ್ಕೂ ಫೋನಿಗೂ ನಾಲ್ಕು ನಿಮಿಷ ವ್ಯತ್ಯಾಸ ಇದ್ದರೆ ನಾಳೆ ದಾಖಲೆ ಓದುವವರಿಗೆ ಮಗು ನಾಲ್ಕು ನಿಮಿಷ ಉಸಿರಿಲ್ಲದೆ ಇದ್ದಂತೆ ಕಾಣುತ್ತದೆ. ತಾಯಿ ಬೇಡ ಅಂದದ್ದನ್ನೂ ಬರೆಯಿರಿ, ನೀವು ಏನು ವಿವರಿಸಿದಿರಿ ಅನ್ನುವುದನ್ನೂ.

11. ಹೆತ್ತ ಮೇಲೆ

ಹೊಕ್ಕುಳಬಳ್ಳಿಯನ್ನು ಒಂದು ನಿಮಿಷಕ್ಕೆ ಮುಂಚೆ ಕತ್ತರಿಸುವ ಅವಸರ ಬೇಡ. ಮಗು ತಾಯಿಯ ಎದೆಗೆ ಅಂಟಿಕೊಂಡು ಬೆಚ್ಚಗಿರಲಿ. ಕನಿಷ್ಠ ಎರಡು ಗಂಟೆ ನೀವು ಅಲ್ಲೇ ಇರಿ, ನನ್ನ ಕೇಳಿದರೆ ಮೂರ್ನಾಲ್ಕು. ಗರ್ಭಕೋಶ ಗಟ್ಟಿಯಾಗಿರಬೇಕು, ತಾಯಿ ಉಚ್ಚೆ ಹೊಯ್ದಿರಬೇಕು, ಮಗು ಒಮ್ಮೆ ಹಾಲು ಕುಡಿದಿರಬೇಕು, ಅದರ ಮೈ 36.5ರಿಂದ 37.5 ಡಿಗ್ರಿಯೊಳಗೆ ಇರಬೇಕು. ಮಗುವಿಗೆ ವಿಟಮಿನ್ ಕೆ ಕೊಟ್ಟಾಗಿರಬೇಕು.

24 ಗಂಟೆಯೊಳಗೆ ಒಮ್ಮೆ ಹೋಗಿ. ಆಮೇಲೆ 48ರಿಂದ 72 ಗಂಟೆಯ ನಡುವೆ, 7ರಿಂದ 14 ದಿನದ ನಡುವೆ, ಆರನೇ ವಾರದಲ್ಲಿ. ಇದು ಕನಿಷ್ಠ, ಹಾಲೂಡಿಸಲು ಕಷ್ಟಪಡುವವರಿಗೆ ಇನ್ನೂ ಬೇಕಾಗುತ್ತದೆ. ಮೊದಲ 24 ಗಂಟೆಯಲ್ಲೇ ಮಗು ಹಳದಿಯಾದರೆ ಬಿಸಿಲಿಗೆ ಹಿಡಿದು ಕೂರುವುದಲ್ಲ, ಆಸ್ಪತ್ರೆಗೆ ಹೋಗುವುದು. ಮನೆಯವರಿಗೆ ಅಪಾಯದ ಲಕ್ಷಣಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ ಬನ್ನಿ. ಮಾಸು, ರಕ್ತದ ಪ್ಯಾಡು, ಸೂಜಿ ಎಲ್ಲ ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ನಿಮ್ಮ ಕಡೆಯ ವೈದ್ಯಕೀಯ ತ್ಯಾಜ್ಯದ ನಿಯಮ ಇರುತ್ತದೆ, ಅದರಂತೆ ನಡೆಯಿರಿ.

12. ಜನರಿಗೆ ಗೊತ್ತಾಗುವುದು

ಈ ಕೆಲಸದಲ್ಲಿ ಜಾಹೀರಾತಿಗಿಂತ ಬಾಯಿಮಾತು ಓಡುತ್ತದೆ. ಫೋನ್ ನಂಬರ್, ನಿಮ್ಮ ಓದು ಮತ್ತು ನೋಂದಣಿ, ನೀವು ಒಪ್ಪಿಕೊಳ್ಳದವರ ಪಟ್ಟಿ, ಶುಲ್ಕ ಇಷ್ಟು ಒಂದೇ ಪುಟದಲ್ಲಿ ಹಾಕಿದರೆ ಸಾಕು. "ನೂರಕ್ಕೆ ನೂರು ಸುರಕ್ಷಿತ", "ಸಹಜ ಹೆರಿಗೆ ಗ್ಯಾರಂಟಿ" ಅಂತ ಎಲ್ಲೂ ಬರೆಯಬೇಡಿ. ಮಗುವಿನ ಫೋಟೋ ಹಾಕಲು ತಾಯಿಯ ಲಿಖಿತ ಒಪ್ಪಿಗೆ ಬೇಕು, ಅದೂ ಹೆತ್ತ ಸಂಭ್ರಮ ಇಳಿದ ಮೇಲೆ ಕೇಳಿ.

ಮೊದಲ ಕೆಲವು ಹೆರಿಗೆಗಳಿಗೆ ಈಗಾಗಲೇ ಸುಸೂತ್ರವಾಗಿ ಹೆತ್ತವರನ್ನೇ ಆರಿಸಿಕೊಳ್ಳಿ. ಹಿರಿಯ ಮಿಡ್‌ವೈಫ್ ಒಬ್ಬರು ಎರಡನೆಯವರಾಗಿ ಬರಲು ಒಪ್ಪಿದರೆ ಕರೆಯಿರಿ. ಪ್ರತಿ ಹೆರಿಗೆಯ ನಂತರ, ಚೆನ್ನಾಗಿ ಆದದ್ದಿರಲಿ ಸಾಗಿಸಿದ್ದಿರಲಿ, ದಾಖಲೆ ತೆರೆದು ಇಬ್ಬರೂ ಕೂತು ಓದಿ. ಸಾಗಿಸಿದ್ದಾದರೆ ವಾರದೊಳಗೆ ಆ ಆಸ್ಪತ್ರೆಗೆ ಹೋಗಿ ಅಲ್ಲಿನವರನ್ನೂ ಕೇಳಿ: ಇನ್ನೂ ಬೇಗ ಕಳಿಸಬೇಕಿತ್ತಾ? ಫೋನಿನಲ್ಲಿ ಏನಾದರೂ ಬಿಟ್ಟುಹೋಗಿತ್ತಾ? ಅವರ ಉತ್ತರ ಬರೆದುಕೊಂಡು ನಿಮ್ಮ ಪಟ್ಟಿ ತಿದ್ದಿ, ತಿದ್ದಿದ ಪ್ರತಿಯೊಂದನ್ನು ಅವರಿಗೂ ಕಳಿಸಿ.

ವರ್ಷದಲ್ಲಿ ಕನಿಷ್ಠ ಒಂದು ತಿಂಗಳು ಯಾರ ಹೆರಿಗೆಯನ್ನೂ ಒಪ್ಪಿಕೊಳ್ಳಬೇಡಿ. ಅದಕ್ಕೆ ಒಂಬತ್ತು ತಿಂಗಳ ಮುಂಚೆಯೇ ಕ್ಯಾಲೆಂಡರಿನಲ್ಲಿ ಗೀಟು ಹಾಕಬೇಕಾಗುತ್ತದೆ, ಈಗಲೇ ಹಾಕಿ.